ಹಿಂದೆ ತೆಗೆಯಬೇಡಿ ಭಾವ! – ಒಂದು ಹಳೇ ವ್ಯಾನ್‌ಗಾರ್ಡ್‌ನ ಓವರ್‌ಡ್ರೈವ್ ಪ್ರಕರಣ

ಕಾರು ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್. ಮಾಲೀಕರು ನನ್ನ ಭಾವ. ಮನೆ ಕಾಸರಗೋಡಿನ ಪೆರ್ಲದಿಂದ ಒಳಗೆ, ಅಡಿಕೆ ತೋಟದ ನಡುವೆ. ದೂರು ಒಂದೇ ಸಾಲಿನದು: "ಓವರ್‌ಡ್ರೈವ್ ಬೀಳುವುದಿಲ್ಲ." ಅಂದರೆ ಅದೇ ವೇಗಕ್ಕೆ ಇಂಜಿನ್ ಕಡಿಮೆ ತಿರುಗುವಂತೆ ಮಾಡುವ ಹೆಚ್ಚುವರಿ ಗೇರು ಹಿಡಿಯುವುದಿಲ್ಲ.

ನಾನು ಮೆಕ್ಯಾನಿಕ್ ಅಲ್ಲ. ಕುಂಬಳೆಯಲ್ಲಿ ಮೂವತ್ತು ವರ್ಷ ರೇಡಿಯೋ, ಟಿವಿ ರಿಪೇರಿ ಮಾಡಿದವನು. ಈಗ ಆ ಕೆಲಸಕ್ಕೆ ಗಿರಾಕಿ ಇಲ್ಲ, ಮೀಟರ್ ಮಾತ್ರ ಉಂಟು. ಹಾಗಾಗಿ ನೆಂಟರ ಮನೆಯಲ್ಲಿ ವಯರ್ ಇರುವ ಯಾವ ವಸ್ತು ಕೆಟ್ಟರೂ ನನಗೇ ಫೋನು. ಕಾರಿನ ಕೆಲಸಕ್ಕೆ ಜೊತೆಗಿದ್ದವರು ಉಪ್ಪಳದ ಒಬ್ಬ ಹಳೇ ಮೆಕ್ಯಾನಿಕ್. ಊರಿಗೆಲ್ಲ ಅವರು "ಇಚ್ಚ", ನನಗೂ ಹಾಗೆಯೇ. ವ್ಯಾನ್‌ಗಾರ್ಡ್‌ನ 2088 ಸಿಸಿ ಇಂಜಿನ್ ಫರ್ಗ್ಯುಸನ್ ಟ್ರ್ಯಾಕ್ಟರಿನ ಇಂಜಿನ್‌ನ ಒಡಹುಟ್ಟು. ಟ್ರ್ಯಾಕ್ಟರ್ ಬಿಚ್ಚಿ ಬೆಳೆದ ಇಚ್ಚನಿಗೆ ಇಂಜಿನ್ ಕಡೆ ಯಾವ ಹೆದರಿಕೆಯೂ ಇಲ್ಲ. ಆದರೆ ಓವರ್‌ಡ್ರೈವ್ ಅವರಿಗೂ ಹೊಸತು, ನನಗೂ ಹೊಸತು.

ಕಾರಿನ ಜಾತಕ ಸ್ವಲ್ಪ ಹೇಳಬೇಕು. ಈ ಕಾರುಗಳನ್ನು ನಮ್ಮಲ್ಲಿ ಮದ್ರಾಸಿನಲ್ಲಿ ಜೋಡಿಸಿ ಮಾರುತ್ತಿದ್ದರು. ಭಾವನ ಅಜ್ಜ ತರುವಾಗ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು, ಮೇಲೆ ಮದ್ರಾಸ್ ರಾಜ್ಯ. 1956ರ ನವೆಂಬರ್ 1ಕ್ಕೆ ತಾಲೂಕು ಕೇರಳಕ್ಕೆ ಹೋಯಿತು. ಕಾರು ಅದೇ ಕೊಟ್ಟಿಗೆಯಲ್ಲಿ ನಿಂತಿತ್ತು, ರಾಜ್ಯ ಮಾತ್ರ ಬದಲಾಯಿತು ಎಂದು ಭಾವ ಈಗಲೂ ಬಂದವರಿಗೆಲ್ಲ ಹೇಳುತ್ತಾರೆ.

ಅದರ ಗೇರ್ ಬಾಕ್ಸಿನಲ್ಲಿ ಮುಂದಕ್ಕೆ ಮೂರೇ ಗೇರು. ಹ್ಯಾಂಡ್ ಗೇರು, ಅಂದರೆ ಲಿವರ್ ಸ್ಟೀರಿಂಗಿನ ಬುಡದಲ್ಲಿ. ಬಾಕ್ಸಿನ ಹಿಂದೆ ಇನ್ನೊಂದು ಸಣ್ಣ ಪೆಟ್ಟಿಗೆ ಕೂತಿದೆ. ಅದೇ ಲೇಕಾಕ್ ಡಿ ನಾರ್ಮನ್‌ವಿಲ್ ಓವರ್‌ಡ್ರೈವ್. ಎಡ್ಗರ್ ಡಿ ನಾರ್ಮನ್‌ವಿಲ್ ಎಂಬವರು ಕಂಡುಹಿಡಿದದ್ದು, ಇಂಗ್ಲೆಂಡಿನ ಶೆಫೀಲ್ಡ್‌ನ ಲೇಕಾಕ್ ಕಂಪನಿ ಮಾಡಿದ್ದು. ಎರಡನೇ ಮತ್ತು ಮೂರನೇ ಗೇರಿನಲ್ಲಿ ಸ್ವಿಚ್ ಒತ್ತಿದರೆ ಅದೇ ವೇಗಕ್ಕೆ ಇಂಜಿನ್ ಕಡಿಮೆ ತಿರುಗುತ್ತದೆ. ಐದು ಸುತ್ತು ಬೇಕಾದಲ್ಲಿ ಸುಮಾರು ನಾಲ್ಕು ಸುತ್ತು ಸಾಕು. ಕ್ಲಚ್ ಮೆಟ್ಟುವುದೂ ಬೇಡ.

ಭಾವನಿಗೆ ಅವಸರ ಇತ್ತು. ಮಗಳ ಮದುವೆ, ದಿಬ್ಬಣ ಮಂಗಳೂರಿಗೆ, ಮದುಮಗಳು ಅಜ್ಜನ ಕಾರಿನಲ್ಲೇ ಹೋಗಬೇಕು. ಹೆದ್ದಾರಿಯಲ್ಲಿ ಮೂರೇ ಗೇರಿನಲ್ಲಿ ಆ ಇಂಜಿನ್‌ನ್ನು ಬೊಬ್ಬೆ ಹೊಡೆಸಿಕೊಂಡು ಹೋಗಲಿಕ್ಕೆ ಅವರಿಗೆ ಮನಸ್ಸಿಲ್ಲ. ಒಂದು ವರ್ಷ ಹಿಂದೆ ಪೇಟೆಯ ಒಂದು ವರ್ಕ್‌ಶಾಪಿನಲ್ಲಿ ಇದೇ ಕೆಲಸಕ್ಕೆ ಬಿಟ್ಟಿದ್ದರು. ಅಲ್ಲಿಯವರು ವಿದೇಶದಿಂದ ಸೊಲೆನಾಯ್ಡ್ (ಸ್ವಿಚ್ ಹಾಕಿದಾಗ ಕರೆಂಟಿನಲ್ಲಿ ಓವರ್‌ಡ್ರೈವಿನ ಲಿವರ್ ಎಳೆಯುವ ಅಯಸ್ಕಾಂತ) ತರಿಸಿ ಹಾಕಿದರು, ಗೇರ್ ಬಾಕ್ಸಿನ ಎಣ್ಣೆ ಸೋರುವುದನ್ನು ನಿಲ್ಲಿಸಿದರು, ಬಿಲ್ಲು ಕೊಟ್ಟರು. ಎರಡು ತಿಂಗಳಲ್ಲಿ ಓವರ್‌ಡ್ರೈವ್ ಮತ್ತೆ ಸತ್ತಿತು. ಈಗ ಅದೇ ವರ್ಕ್‌ಶಾಪ್ ಹೇಳುವುದು, ಬಾಕ್ಸ್ ಇಳಿಸಿ ಪೂರ್ತಿ ಬಿಚ್ಚಬೇಕು ಅಂತ.

ನನ್ನ ಕಸುಬಿನಲ್ಲಿ ಒಂದು ಅಭ್ಯಾಸ ಉಂಟು. ಟಿವಿ ಬಂದರೆ ಮೊದಲು ಹಿಂದಿನ ಮುಚ್ಚಳ ತೆಗೆಯುವುದಿಲ್ಲ, ಪ್ಲಗ್ಗಿಗೆ ಕರೆಂಟ್ ಬರುತ್ತದಾ ನೋಡುತ್ತೇನೆ. ಇಲ್ಲಿಯೂ ಅದನ್ನೇ ಮಾಡಿದೆ. ಇಂಜಿನ್ ಬಂದ್, ಇಗ್ನಿಷನ್ ಆನ್, ಲಿವರ್ ಮೂರನೇ ಗೇರಿಗೆ, ಓವರ್‌ಡ್ರೈವ್ ಸ್ವಿಚ್ ಆನ್. ಸರಿ ಇದ್ದರೆ ಅಡಿಯಲ್ಲಿ "ಟಕ್" ಎಂದು ಕೇಳಬೇಕು. ಇಚ್ಚ ಅಡಿಕೆ ಹಾಳೆಗಳ ಮೇಲೆ ಬೆನ್ನು ಹಾಕಿ ಕಾರಿನಡಿಗೆ ಜಾರಿದರು. (ಅಡಿಕೆ ಹಾಳೆಯಷ್ಟು ಒಳ್ಳೆಯ ಜಾರುಮಣೆ ಯಾವ ಗ್ಯಾರೇಜಿನಲ್ಲೂ ಇಲ್ಲ.) ಅಡಿಯಿಂದ ಸ್ವರ ಬಂತು: "ಎಂತದೂ ಇಲ್ಲ ಭಟ್ರೇ."

ಟೆಸ್ಟ್ ಲ್ಯಾಂಪ್ ಹಿಡಿದು ಹೊರಟೆ. ಸ್ವಿಚ್ಚಿನವರೆಗೆ ಬೆಳಕು. ಗೇರ್ ಬಾಕ್ಸಿನ ಮೇಲೆ ಇನ್ನೊಂದು ಸ್ವಿಚ್ ಉಂಟು. ಒಂದನೇ ಗೇರು ಮತ್ತು ರಿವರ್ಸಿನಲ್ಲಿ ಓವರ್‌ಡ್ರೈವಿಗೆ ಕರೆಂಟ್ ಹೋಗದಂತೆ ತಡೆಯುವುದು ಅದು. ಅಲ್ಲಿಯವರೆಗೂ ಬೆಳಕು. ಅದರಿಂದ ಈಚೆ ಕತ್ತಲೆ. ಟರ್ಮಿನಲ್ ಬಿಚ್ಚಿದರೆ ಪಾಚಿ ಹಿಡಿದ ಹಾಗೆ ಹಸಿರು, ಮುಟ್ಟಿದ್ದೇ ವಯರು ಕೈಗೆ ಬಂತು. ಕಡಲಿನ ಗಾಳಿ, ನಾಲ್ಕು ತಿಂಗಳ ಮಳೆ, ಹೀಗೆ ಆಗುವುದೇ. ಕೆರೆದು ಹೊಸ ಲಗ್ ಹಾಕಿದೆ. "ಟಕ್" ಬಂತು, ಆದರೆ ಮೆತ್ತಗೆ. ಯಾರೋ ಕಂಬಳಿಯೊಳಗಿಂದ ಬಾಗಿಲು ತಟ್ಟಿದ ಹಾಗೆ.

ಭಾವ ಅಷ್ಟಕ್ಕೇ ಖುಷಿ. "ಆಯಿತಲ್ಲ ಭಾವ, ಚಾ ಕುಡಿಯುವ."

ಚಾ ಕುಡಿಯುವ ಮೊದಲು ವಯರಿಗೆ ಕ್ಲಾಂಪ್ ಮೀಟರ್ ಹಾಕಿದೆ. 17 ಆಂಪಿಯರ್. ಇಳಿಯುತ್ತಲೇ ಇಲ್ಲ, ಅಲ್ಲೇ ನಿಂತಿದೆ. ತಕ್ಷಣ ಸ್ವಿಚ್ ಆಫ್ ಮಾಡಿದೆ. ಇಚ್ಚ ಸೊಲೆನಾಯ್ಡ್ ಮುಟ್ಟಿ ನೋಡಿ ಕೈ ಎಳೆದುಕೊಂಡರು.

ಈ ಜಾತಿಯ ಸೊಲೆನಾಯ್ಡಿನೊಳಗೆ ಎರಡು ಸುರುಳಿ ಇರುತ್ತವೆ. ಒಂದು ಎಳೆಯುವುದು, ಬಲಶಾಲಿ, 15-20 ಆಂಪಿಯರ್ ತಿನ್ನುತ್ತದೆ. ಇನ್ನೊಂದು ಹಿಡಿದುಕೊಳ್ಳುವುದು, ಅದಕ್ಕೆ ಒಂದೆರಡು ಆಂಪಿಯರ್ ಸಾಕು. ಒಳಗೆ ಜಾರುವ ಕಬ್ಬಿಣದ ತುಂಡು, ಅಂದರೆ ಪ್ಲಂಜರ್, ಪೂರ್ತಿ ಮೇಲೆ ಹೋದಾಗ ಕೊನೆಗೆ ಒಂದು ಕಾಂಟ್ಯಾಕ್ಟ್ ತೆರೆದು ಮೊದಲನೆಯ ಸುರುಳಿಯನ್ನು ಬಂದ್ ಮಾಡುತ್ತದೆ. ಪ್ಲಂಜರ್ ಒಂದು ಕೂದಲಿನಷ್ಟು ಕಡಿಮೆ ಹೋದರೂ ಆ ಕಾಂಟ್ಯಾಕ್ಟ್ ತೆರೆಯುವುದಿಲ್ಲ. ಎಳೆಯುವ ಸುರುಳಿ ಎಳೆಯುತ್ತಲೇ ಇರುತ್ತದೆ, ಕೊನೆಗೆ ಸುಟ್ಟುಹೋಗುತ್ತದೆ. ಮೊದಲಿನ ಸೊಲೆನಾಯ್ಡ್ ಯಾಕೆ ಸತ್ತಿತು ಅಂತ ಆ ವರ್ಕ್‌ಶಾಪಿನಲ್ಲಿ ಯಾರೂ ಕೇಳಿರಲಿಲ್ಲ. ಹೊಸದನ್ನು ಅದೇ ಚಿತೆಯ ಮೇಲೆ ಮಲಗಿಸಿದ್ದರು. ವಯರು ಹಸಿರು ಹಿಡಿದು ತುಂಡಾದದ್ದೇ ಅದರ ಪುಣ್ಯ. ಇಲ್ಲದಿದ್ದರೆ ಅದೂ ಯಾವಾಗಲೋ ಬೂದಿ.

ಸರಿ ಮಾಡುವ ಕ್ರಮ ಬಹಳ ಸುಲಭ. ಸೊಲೆನಾಯ್ಡ್ ಎಳೆಯುವ ದಂಡ ಪೆಟ್ಟಿಗೆಯ ಆಚೆ ಬದಿಗೆ ದಾಟುತ್ತದೆ. ಅಲ್ಲಿ ಒಂದು ಸಣ್ಣ ಲಿವರ್, ಲಿವರಿನಲ್ಲಿ ಒಂದು ತೂತು, ಅದರ ಹಿಂದೆ ಪೆಟ್ಟಿಗೆಯ ಮೈಯಲ್ಲೂ ಒಂದು ತೂತು. ಲಿವರ್ ಮೇಲೆ ಹೋದ ಸ್ಥಿತಿಯಲ್ಲಿ 3/16 ಇಂಚಿನ ಒಂದು ಕಡ್ಡಿ ಎರಡೂ ತೂತಿನಲ್ಲಿ ಸಲೀಸಾಗಿ ಹೋಗಬೇಕು. ನನ್ನ ಡ್ರಿಲ್ ಬಿಟ್ಟುಗಳ ಡಬ್ಬದಲ್ಲಿ ಆ ಅಳತೆಯದ್ದು ಒಂದಿತ್ತು. ಹಾಕಿ ನೋಡಿದರೆ ತೂತುಗಳು ಅರ್ಧಚಂದ್ರದಷ್ಟು ತಪ್ಪಿವೆ. ಬಿಟ್ಟನ್ನು ತೂರಿಸಿ ಲಿವರ್ ಹಿಡಿದಿಟ್ಟು, ಈಚೆ ಬದಿಯಲ್ಲಿ ಸೊಲೆನಾಯ್ಡಿನ ತೋಳನ್ನು ಸಡಿಲ ಮಾಡಿ, ಪ್ಲಂಜರನ್ನು ಪೂರ್ತಿ ಒಳಗೆ ಒತ್ತಿ ಹಿಡಿದು ಇಚ್ಚ ಬಿಗಿ ಮಾಡಿದರು. ಬಿಟ್ ತೆಗೆದು ಸ್ವಿಚ್ ಹಾಕಿದೆವು. ಈ ಸಲ "ಟಕ್" ಅಲ್ಲ, "ಟಣ್!" ಮೀಟರಿನಲ್ಲಿ ಒಂದು ಕ್ಷಣ ಹಾರಿ, ಒಂದೂವರೆ ಆಂಪಿಯರಿಗೆ ಬಂದು ನಿಂತಿತು.

ಚಾ ಕುಡಿದೆವು. ಪ್ರಕರಣ ಇಲ್ಲಿಗೇ ಮುಗಿದಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಬದಿಯಡ್ಕ, ಸೀತಾಂಗೋಳಿ ದಾರಿಯಾಗಿ ಕುಂಬಳೆಗೆ ಹೊರಟೆವು. ಸ್ವಿಚ್ ಒತ್ತಿದರೆ ಓವರ್‌ಡ್ರೈವ್ ಬಿತ್ತು, ಆದರೆ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದ ಮೇಲೆ. ಹದಿನೈದು ಕಿಲೋಮೀಟರ್ ಹೋಗಿ ಬಿಸಿಯಾದ ಮೇಲೆ ಬೇಗ ಬೀಳತೊಡಗಿತು. ಆದರೆ ಈಗ ಬಿಡುವಾಗ ತಡ. ಸ್ವಿಚ್ ಆಫ್ ಮಾಡಿದರೂ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇರುವುದು, ಆಮೇಲೆ ಒಲ್ಲದ ಮನಸ್ಸಿನಲ್ಲಿ ಬಿಡುವುದು.

ಇಚ್ಚ ಹೇಳಿದರು, "ಇದು ಒಳಗೆ ಸವೆದಿದೆ ಭಟ್ರೇ. ಪ್ರೆಶರ್ ಇಲ್ಲ. ಬಿಚ್ಚುವುದೇ." ನನಗೂ ಆಗ ಹಾಗೇ ಅನಿಸಿತ್ತು.

ವಾಪಸು ಬರುವಾಗ ಪೆರ್ಲ ಕಳೆದು ಮನೆಯ ಏರಿಗೆ ಭಾವ ಎರಡನೇ ಗೇರು ಹಾಕಿದರು. ಕಾರು ಏದುಸಿರು ಬಿಟ್ಟಿತು. ಒಂದನೇ ಗೇರು ಹಾಕಿದರೂ ಸೋತ ಎತ್ತಿನ ಹಾಗೆ ಹತ್ತಿತು. ಹೇಗೋ ಅಂಗಳ ಸೇರಿದೆವು. ಭಾವ ಅರುವತ್ತು ವರ್ಷದ ಅಭ್ಯಾಸದಂತೆ ಕುತ್ತಿಗೆ ಹಿಂದೆ ತಿರುಗಿಸಿ, ಕೊಟ್ಟಿಗೆಗೆ ರಿವರ್ಸ್ ಹಾಕಲಿಕ್ಕೆ ಲಿವರಿಗೆ ಕೈ ಇಟ್ಟರು.

"ಹಿಂದೆ ತೆಗೆಯಬೇಡಿ ಭಾವ!" ನಾನು ಕಿರುಚಿದ್ದು ಕೇಳಿ ಅಕ್ಕ ಅಡಿಗೆಮನೆಯಿಂದ ಓಡಿ ಬಂದಳು.

ಏರಿನಲ್ಲಿ ಕಾರು ಸೋತದ್ದು ಓವರ್‌ಡ್ರೈವ್ ಬಿಡದೆ ಹಿಡಿದುಕೊಂಡೇ ಇದ್ದದ್ದಕ್ಕೆ ಅಂತ ನನಗೆ ಹೊಳೆದಿತ್ತು. ಹಾಗಿರುವಾಗ ರಿವರ್ಸ್ ಯಾಕೆ ಬೇಡ ಅಂತ ಹೇಳಬೇಕಾದರೆ ಪೆಟ್ಟಿಗೆಯೊಳಗೆ ಹೋಗಬೇಕು. ಒಳಗೆ ನಡುವೆ ಒಂದು ಸಣ್ಣ ಹಲ್ಲುಚಕ್ರ, ಅದರ ಸುತ್ತ ತಿರುಗುವ ಮರಿಚಕ್ರಗಳು, ಹೊರಗಿನಿಂದ ಬಳೆಯಂತೆ ಒಂದು ದೊಡ್ಡ ಹಲ್ಲುಚಕ್ರ. ಗೇರ್ ಬಾಕ್ಸ್ ಮರಿಗಳನ್ನು ತಿರುಗಿಸುತ್ತದೆ, ಬಳೆ ಹಿಂದಿನ ಗಾಲಿಗೆ ಹೋಗುತ್ತದೆ. ನಡುವಿನ ಚಕ್ರಕ್ಕೆ ಒಂದು ಕೋನ್ ಕ್ಲಚ್ ಅಂಟಿಕೊಂಡಿದೆ. ಸಾಮಾನ್ಯವಾಗಿ ಗಟ್ಟಿ ಸ್ಪ್ರಿಂಗುಗಳು ಆ ಕೋನನ್ನು ಬಳೆಗೆ ಒತ್ತಿ ಹಿಡಿಯುತ್ತವೆ, ಎಲ್ಲ ಒಟ್ಟಿಗೆ ಒಂದೇ ಮುದ್ದೆಯಾಗಿ ತಿರುಗುತ್ತದೆ. ಸ್ವಿಚ್ ಹಾಕಿದಾಗ ಎಣ್ಣೆಯ ಒತ್ತಡ ಕೋನನ್ನು ಮುಂದಕ್ಕೆ ದೂಡಿ ಪೆಟ್ಟಿಗೆಯ ಮೈಗೇ ಅಂಟಿಸುತ್ತದೆ. ನಡುವಿನ ಚಕ್ರ ನಿಲ್ಲುತ್ತದೆ, ಬಳೆ ಜೋರಾಗಿ ತಿರುಗುತ್ತದೆ. ಈ ಬದಲಾವಣೆಯ ನಡುವೆ ಎಳೆತ ತಪ್ಪಬಾರದು ಅಂತ ಒಳಗೊಂದು ಒಂದೇ ದಿಕ್ಕಿನ ರೋಲರ್ ಕ್ಲಚ್ ಉಂಟು, ಸೈಕಲ್ಲಿನ ಫ್ರೀವೀಲ್ ಹಾಗೆ. ಓವರ್‌ಡ್ರೈವಿನಲ್ಲಿ ಮುಂದೆ ಹೋಗುವಾಗ ಅದು ಸುಮ್ನೆ ಜಾರಿಕೊಳ್ಳುತ್ತದೆ. ಓವರ್‌ಡ್ರೈವ್ ಹಿಡಿದಿರುವಾಗ ಕಾರು ಹಿಂದೆ ಹೋದರೆ ಲೆಕ್ಕ ತಿರುಗಿ, ಆ ರೋಲರುಗಳು ಕಚ್ಚಿಕೊಳ್ಳುತ್ತವೆ. ಒಂದು ಕಡೆ ಕೋನ್ ನಿಲ್ಲು ಅನ್ನುತ್ತದೆ, ಇನ್ನೊಂದು ಕಡೆ ಇಂಜಿನ್ ತಿರುಗು ಅನ್ನುತ್ತದೆ. ನಡುವಿನಲ್ಲಿ ಯಾವುದಾದರೂ ಒಡೆಯಲೇಬೇಕು. ರಿವರ್ಸಿನಲ್ಲಿ ಕರೆಂಟ್ ತಪ್ಪಿಸುವ ಆ ಸ್ವಿಚ್ ಇರುವುದೇ ಇದಕ್ಕೆ. ಆದರೆ ಎಣ್ಣೆಯೇ ಒಳಗೆ ಸಿಕ್ಕಿಕೊಂಡರೆ ಸ್ವಿಚ್ ಏನು ಮಾಡೀತು, ಅಲ್ವಾ?

ನ್ಯೂಟ್ರಲ್ ಹಾಕಿ ಕೈಯಲ್ಲಿ ಮೆಲ್ಲ ದೂಡಿ ನೋಡಿದೆವು, ಜಾಸ್ತಿ ಬಲ ಹಾಕದೆ. ಮುಂದಕ್ಕೆ ಹೋಗುತ್ತದೆ. ಹಿಂದಕ್ಕೆ ದೂಡಿದರೆ ಅರ್ಧ ಗೇಣು ಹೋಗಿ ಗೋಡೆಗೆ ತಾಗಿದ ಹಾಗೆ ನಿಲ್ಲುತ್ತದೆ. ಸಂಶಯ ಉಳಿಯಲಿಲ್ಲ. ಕಾರು ಅಂಗಳದ ನಡುವೆ, ಮೂತಿ ತುಳಸಿಕಟ್ಟೆಗೆ. ಮುಂದೆ ಜಾಗ ಇಲ್ಲ, ಹಿಂದೆ ಹೋಗುವಂತಿಲ್ಲ. ಮರುದಿನ ಅಲ್ಲಿ ಅಡಿಕೆ ಹರಡಬೇಕಿತ್ತು. ಅಕ್ಕ ಕಾರಿಗೆ, ಭಾವನಿಗೆ, ಕೊನೆಗೆ ನನಗೂ ಮಂಗಳಾರತಿ ಮಾಡಿದಳು. ಕಾರು ಅಲ್ಲೇ ಮಲಗಿತು.

ಬೆಳಿಗ್ಗೆ ಹಲ್ಲುಜ್ಜುವ ಮೊದಲು ಹೋಗಿ ದೂಡಿದೆ. ಸಲೀಸಾಗಿ ಹಿಂದೆ ಬಂತು.

ಈ ಪ್ರಕರಣದಲ್ಲಿ ನನಗೆ ದಾರಿ ತೋರಿಸಿದ್ದು ಆ ಒಂದು ದೂಡು. ಕೋನ್ ಅಂಟಿಕೊಂಡು ಕೂತಿದ್ದರೆ ರಾತ್ರಿ ನಿದ್ದೆ ಮಾಡಿ ಬೆಳಿಗ್ಗೆ ತಾನೇ ಏಳುವುದಿಲ್ಲ. ಹಾಗೆ ಅಂಟಿದ್ದನ್ನು ಹೊರಗಿನಿಂದ ಮೆತ್ತನೆಯ ಸುತ್ತಿಗೆಯಲ್ಲಿ ತಟ್ಟಿ ಎಬ್ಬಿಸಬೇಕಾಗುತ್ತದೆ. ಇದು ತಾನಾಗಿ ಬಿಟ್ಟಿತು. ಅಂದರೆ ಕೋನನ್ನು ದೂಡುವ ಪಿಸ್ಟನ್ನಿನ ಹಿಂದೆ ಎಣ್ಣೆ ಸಿಕ್ಕಿಬಿದ್ದಿತ್ತು, ರಾತ್ರಿಯಿಡೀ ಎಲ್ಲೆಲ್ಲಿಂದಲೋ ಜಿನುಗಿ ಖಾಲಿಯಾಯಿತು. ಹೋಗುವ ದಾರಿ ಕಟ್ಟಿದೆ. ಇನ್ನು ಬೀಳುವಾಗಿನ ತಡ. ಒಳಗೆ ಸವೆದಿದ್ದರೆ ಎಣ್ಣೆ ಬಿಸಿಯಾಗಿ ತೆಳುವಾದಷ್ಟೂ ಒತ್ತಡ ಸೋರಿ, ಬಿಸಿಯಲ್ಲಿ ತೊಂದರೆ ಜಾಸ್ತಿಯಾಗಬೇಕು. ಇಲ್ಲಿ ತಣ್ಣಗಿದ್ದಾಗ ಕಷ್ಟ, ಬಿಸಿಯಾದರೆ ಸುಖ. ಹಾಗಾದರೆ ಸವೆತ ಅಲ್ಲ, ಎಣ್ಣೆಯೇ ದಪ್ಪ. "ಬೀಳುವುದಿಲ್ಲ" ಅನ್ನುವ ಒಂದೇ ದೂರಿನೊಳಗೆ ನಾಲ್ಕು ರೋಗ ಕೂತಿದ್ದವು: ತುಂಡಾದ ವಯರು, ತಪ್ಪಿದ ಸೊಲೆನಾಯ್ಡ್ ಅಳತೆ, ದಪ್ಪ ಎಣ್ಣೆ, ಕಟ್ಟಿದ ದಾರಿ. ಬಾಕ್ಸ್ ಇಳಿಸುವಂಥದ್ದು ಅದರಲ್ಲಿ ಒಂದೂ ಇಲ್ಲ.

ಇಚ್ಚನಿಗೆ ಹೇಳಿದೆ. ಅವರು ಗಡ್ಡ ಕೆರೆದುಕೊಂಡು, "ನೋಡುವ, ಎಣ್ಣೆ ಇಳಿಸಲಿಕ್ಕೆ ಎಂತ ಖರ್ಚು" ಅಂದರು.

ಕಾರನ್ನು ಕೊಟ್ಟಿಗೆಯ ಹೊಂಡದ ಮೇಲೆ ನಿಲ್ಲಿಸಿ ಎಣ್ಣೆ ಇಳಿಸಿದೆವು. ಇದಕ್ಕೆ ಎರಡು ಪ್ಲಗ್. ಗೇರ್ ಬಾಕ್ಸಿಗೊಂದು, ಓವರ್‌ಡ್ರೈವಿಗೊಂದು. ಎರಡಕ್ಕೂ ಎಣ್ಣೆ ಒಂದೇ, ಆದರೆ ಒಂದನ್ನು ಮಾತ್ರ ಬಿಚ್ಚಿದರೆ ಇನ್ನೊಂದರಲ್ಲಿ ಹಳೆಯದು ಉಳಿಯುತ್ತದೆ. ಬಿದ್ದದ್ದು ಎಣ್ಣೆ ಅಲ್ಲ, ಜೋನಿಬೆಲ್ಲ. ಇಚ್ಚ ಎರಡು ಬೆರಳಲ್ಲಿ ಎಳೆದು ನೋಡಿ, ಮೂಸಿ, "ಒನ್ ಫಾರ್ಟಿ" ಅಂದರು. ಲಾರಿಯ ಹೌಸಿಂಗಿಗೆ ಹಾಕುವ 140 ನಂಬರಿನ ಗೇರ್ ಆಯಿಲ್. ಸೋರುವುದನ್ನು ನಿಲ್ಲಿಸಿದ ಗುಟ್ಟು ಗೊತ್ತಾಯಿತು. ದಪ್ಪ ಎಣ್ಣೆ ಸೋರುವುದು ಕಮ್ಮಿ, ಸರಿ. ಆದರೆ ಇಲ್ಲಿ ಅದೇ ಎಣ್ಣೆ ಒಂದು ಪುಟ್ಟ ಪಂಪಿನಲ್ಲಿ ಹೋಗಿ ಕ್ಲಚ್ ಒತ್ತಬೇಕು. ಓವರ್‌ಡ್ರೈವಿನ ಪ್ಲಗ್ಗಿನ ಹಿಂದೆ ಸಣ್ಣ ಜಾಳಿಯ ಫಿಲ್ಟರ್ ಉಂಟು. ಅದರ ಮೇಲೆ ಬೂದು ಕೆಸರು, ಕೆಸರಿನ ನಡುವೆ ನೀಲಿ ನೀಲಿ ಎಳೆಗಳು. ಗ್ಯಾಸ್ಕೆಟಿಗೆ ಹಚ್ಚುವ ಸಿಲಿಕಾನ್ ಅಂಟು, ಧಾರಾಳವಾಗಿ ಹಚ್ಚಿ ಒಳಗೆ ಉದುರಿದ್ದು.

ಹೋಗುವ ದಾರಿ ಕಟ್ಟಿದ್ದು ಯಾವುದರಿಂದ ಅಂತ ಆಗಲೇ ಅಂದಾಜಾಯಿತು.

ಕ್ಲಚ್ಚಿಗೆ ಎಣ್ಣೆ ಬಿಡುವ, ವಾಪಸು ಕಳಿಸುವ ಆಪರೇಟಿಂಗ್ ವಾಲ್ವ್ ಇರುವುದು ಪೆಟ್ಟಿಗೆಯ ನೆತ್ತಿಯ ಮೇಲೆ. ಮುಂದಿನ ಸೀಟು, ಮ್ಯಾಟು, ನೆಲದ ತಗಡು ತೆಗೆದರೆ ಮೇಲಿಂದಲೇ ಸಿಗುತ್ತದೆ. ಅದರ ಪ್ಲಗ್ ಬಿಚ್ಚುವ ಮೊದಲು ಒಳಗಿನ ಒತ್ತಡ ಇಳಿಸಬೇಕು. ಇಗ್ನಿಷನ್ ಹಾಕಿ, ಟಾಪ್ ಗೇರಿನಲ್ಲಿ ಸ್ವಿಚ್ಚನ್ನು ಹತ್ತು-ಹನ್ನೆರಡು ಸಲ ಆನ್-ಆಫ್ ಮಾಡುವುದು ಕ್ರಮ. ಮಾಡಿದೆವು. ಆದರೂ ಪ್ಲಗ್ ಸಡಿಲವಾದದ್ದೇ ಚರ್ರೆಂದು ಎಣ್ಣೆ ಇಚ್ಚನ ಬನಿಯನ್ನಿಗೆ ಹಾರಿತು. ಆಮೇಲೆ ನಗು ಬಂತು. ಒತ್ತಡ ಇಳಿಯುವುದು ಅದೇ ಕಟ್ಟಿದ ದಾರಿಯಿಂದ ಅಲ್ವಾ, ಹೇಗೆ ಇಳಿದೀತು? ನೀವು ಮಾಡುವುದಾದರೆ ಮುಖ ದೂರ ಇಟ್ಟು, ಬಟ್ಟೆ ಮುಚ್ಚಿ ಮೆಲ್ಲ ಸಡಿಲ ಮಾಡಿ. ಈ ಯಂತ್ರದಲ್ಲಿ ಚದರ ಇಂಚಿಗೆ 400 ಪೌಂಡಿನ ಆಸುಪಾಸು ಒತ್ತಡ ಇರುತ್ತದೆ.

ಪ್ಲಗ್ಗಿನ ಅಡಿ ಒಂದು ಸ್ಪ್ರಿಂಗು, ಒಂದು ಗುಂಡು ಬೇರಿಂಗ್ ಬಾಲು, ಅದರ ಕೆಳಗೆ ಪೆನ್ನಿನ ರೀಫಿಲ್ಲಿನ ಹಾಗೆ ಟೊಳ್ಳಾದ ವಾಲ್ವು. ಬಾಲನ್ನು ಅಯಸ್ಕಾಂತದಲ್ಲಿ ಎತ್ತಿದೆವು. ವಾಲ್ವು ಬೆರಳಿಗೆ ಸಿಗುವುದಿಲ್ಲ. ಭಾವ ಜಗಲಿಯ ಮೂಲೆಯಿಂದ ಮುರಿದ ಕೊಡೆ ತಂದರು. ಕೊಡೆಕಡ್ಡಿಯ ತುದಿಯನ್ನು ಟೊಳ್ಳಿನೊಳಗೆ ಬಿಗಿಯಾಗಿ ತುರುಕಿ ಎಳೆದರೆ ವಾಲ್ವು ಮೆಲ್ಲ ಎದ್ದು ಬಂತು. ಬೆಳಕಿಗೆ ಹಿಡಿದೆ. ಅದರ ಬುಡದ ಹತ್ತಿರ, ಬದಿಯಲ್ಲಿ, ಸೂಜಿಮೊನೆಯಷ್ಟು ಒಂದು ತೂತು ಇರಬೇಕು. ಕ್ಲಚ್ಚನ್ನು ಒತ್ತಿದ ಎಣ್ಣೆ ವಾಪಸು ಹೋಗುವುದು ಅದೊಂದೇ ಕಿಂಡಿಯಿಂದ. ತೂತು ಕಾಣಲಿಲ್ಲ. ತೂತು ಇರಬೇಕಾದಲ್ಲಿ ಒಂದು ನೀಲಿ ಚುಕ್ಕೆ ಕಂಡಿತು.

ವಯರಿನಿಂದ ತಾಮ್ರದ ಒಂದೇ ಎಳೆ ಬಿಡಿಸಿ ಚುಚ್ಚಿದೆ. ಉಕ್ಕಿನ ಸೂಜಿ ಹಾಕಬಾರದು, ತೂತು ದೊಡ್ಡದಾದರೆ ಬಿಡುವಾಗ ಧಡಕ್ಕನೆ ಬಿಡುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಬಾಯಿಯಲ್ಲಿ ಊದಿದರೆ ಕೆನ್ನೆಗೆ ಗಾಳಿ ತಾಗಿತು. ಬಾಲು, ಸೀಟು ಒರೆಸಿ ಹಾಗೇ ಹಾಕಿದೆವು. ಫಿಲ್ಟರ್ ತೊಳೆದೆವು. ಎಣ್ಣೆ ಯಾವುದು ಅಂತ ಸ್ವಲ್ಪ ಚರ್ಚೆ ಆಯಿತು. ನಾವು ಹಾಕಿದ್ದು ಮಾಮೂಲು 30 ನಂಬರಿನ ಎಂಜಿನ್ ಆಯಿಲ್. ಬೇರೆ ಕಾರಿನವರು ಅವರವರ ಕೈಪಿಡಿ ನೋಡಿಯೇ ಹಾಕಬೇಕು. ಆದರೆ ಗ್ರ್ಯಾಫೈಟ್, ಮಾಲಿಬ್ಡಿನಮ್ ಅಂತ ಜಾರಿಕೆ ಹೆಚ್ಚಿಸುವ ಮದ್ದು ಯಾವುದನ್ನೂ ಸೇರಿಸಬಾರದು. ಕೋನ್ ಕ್ಲಚ್ ಕೆಲಸ ಮಾಡುವುದೇ ಉಜ್ಜಿ ಹಿಡಿದು. ಅದು ಜಾರತೊಡಗಿದರೆ ಆಮೇಲೆ ನಿಜವಾಗಿಯೂ ಬಾಕ್ಸ್ ಇಳಿಸಬೇಕು. ಎಣ್ಣೆ ತುಂಬಿ ಸ್ವಲ್ಪ ದೂರ ಓಡಿಸಿ ಮತ್ತೆ ಮಟ್ಟ ನೋಡಿದೆವು. ಓವರ್‌ಡ್ರೈವಿನೊಳಗೆ ಹೋದಷ್ಟು ಇಳಿದಿತ್ತು, ಮತ್ತೆ ಹಾಕಿದೆವು.

ಇಚ್ಚನಿಗೆ ಪ್ರೆಶರ್ ಮೇಲಿನ ಸಂಶಯ ಪೂರ್ತಿ ಹೋಗಿರಲಿಲ್ಲ. ಕಾಸರಗೋಡಿನ ಲೇತಿನಲ್ಲಿ ಆ ಪ್ಲಗ್ಗಿನ ತಿರುಪಿಗೆ ಸರಿಯಾಗಿ ಒಂದು ಅಡಾಪ್ಟರ್ ಮಾಡಿಸಿ, ಜೆಸಿಬಿ ರಿಪೇರಿಯವರಲ್ಲಿ ಗೇಜು ಸಾಲ ತಂದರು. ಸೀಟಿಲ್ಲದ ಕಾರಿನಲ್ಲಿ ಗೋಣಿ ಹಾಸಿ ಕೂತು, ಗೇಜನ್ನು ಮಗುವಿನ ಹಾಗೆ ಎದೆಗೆ ಹಿಡಿದುಕೊಂಡರು. 380 ತೋರಿಸಿ ಮುಳ್ಳು ಅಲ್ಲಾಡದೆ ನಿಂತಿತು. ಬಿಸಿಯಾದ ಮೇಲೂ ಹೆಚ್ಚು ಇಳಿಯಲಿಲ್ಲ. "ಇದು ಇನ್ನೂ ನನ್ನ ಕಾಲ ಕಳೆಯುತ್ತದೆ" ಅಂದರು. ಬಾಕ್ಸ್ ಇಳಿಸುವ ಮಾತು ಅಲ್ಲಿಗೆ ಮುಗಿಯಿತು.

ದಿಬ್ಬಣದ ದಿನ ಹೆದ್ದಾರಿ 66ರಲ್ಲಿ ಮಂಜೇಶ್ವರ ಕಳೆದ ಮೇಲೆ ಭಾವ ಸ್ವಿಚ್ ಒತ್ತಿದರು. ಅರ್ಧ ಸೆಕೆಂಡು. ಇಂಜಿನ್ ಸ್ವರ ಇಳಿಯಿತು, ಕಾರಿನ ವೇಗ ಹಾಗೇ ಇತ್ತು. ತಲಪ್ಪಾಡಿಯಲ್ಲಿ ಗಾಡಿಗಳ ಸಾಲು ಕಂಡು ಆಫ್ ಮಾಡಿದರೆ ಅಷ್ಟೇ ಬೇಗ ಬಿಟ್ಟಿತು. ಹಿಂದಿನ ಸೀಟಿನಲ್ಲಿದ್ದ ಮದುಮಗಳಿಗೆ ಇದೇನೂ ಗೊತ್ತಾಗಲಿಲ್ಲ, ಅವಳು ಫೋನಿನಲ್ಲಿದ್ದಳು.

ತೆಳು ಎಣ್ಣೆ ಹಾಕಿದ್ದಕ್ಕೆ ಈಗ ಕೊಟ್ಟಿಗೆಯಲ್ಲಿ ದಿನಕ್ಕೆ ನಾಲ್ಕೈದು ಹನಿ ಬೀಳುತ್ತದೆ. ಅಡಿಗೆ ಒಂದು ಹಾಳೆ ಇಟ್ಟಿದ್ದಾರೆ. ನನ್ನ 3/16ರ ಡ್ರಿಲ್ ಬಿಟ್ಟು ಭಾವನ ಕಾರಿನ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ, ಕುಂಕುಮದ ಪೊಟ್ಟಣದ ಪಕ್ಕ ಉಂಟು. ಎರಡು ಸಲ ಕೇಳಿದೆ, ಕೊಡುವ ಲಕ್ಷಣ ಇಲ್ಲ.